ಹತ್ತು ಸಾವಿರದೊಳಗಿನ ಗಣಕ

ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿಯು ಪುತ್ತೂರನ್ನು ದಾಟಿ ಸುಳ್ಯದತ್ತ ಸಾಗುವಲ್ಲಿ, ಒಳಮೊಗ್ರು ಗ್ರಾಮದ ಅಡಿಕೆ ತೋಟಗಳನ್ನೂ ರಬ್ಬರಿನ ಗುಡ್ಡಗಳನ್ನೂ ಎರಡು ಮಗ್ಗುಲಲ್ಲಿರಿಸಿಕೊಂಡು, ಕುಂಬ್ರವೆಂಬ ಸಣ್ಣ ಪೇಟೆಯಿದೆ. ಬೆಳ್ಳಾರೆಯ ಕಡೆಗೆ ಕವಲೊಡೆಯುವ ದಾರಿಯೂ ಇಲ್ಲಿಯೇ ಇರುವುದರಿಂದ ಬಸ್ಸಿಗೆ ಕಾಯುವ ಜನ ಯಾವ ಹೊತ್ತಿಗೂ ಇರುತ್ತಾರೆ. ಅವರ ನಡುವೆ ನಿಂತಿರುವ ನನ್ನಂಥ ನಿವೃತ್ತ ಉಪಾಧ್ಯಾಯನಿಗೆ, ಪಿಯುಸಿಯ ಫಲಿತಾಂಶ ಬಂದು ಮಕ್ಕಳು ಪುತ್ತೂರಿನ ಅಥವಾ ಸುಳ್ಯದ ಕಾಲೇಜುಗಳಿಗೆ ಹೊರಡುವ ಸಂಧಿಕಾಲದಲ್ಲಿ, ಪ್ರತಿವರ್ಷವೂ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: “ಮಾಷ್ಟ್ರೇ, ಹತ್ತು ಸಾವಿರದೊಳಗೆ ಒಂದು ಲ್ಯಾಪ್‌ಟಾಪ್ ಸಿಕ್ಕೀತಾ?”

ಕೇಳುವವರು ಈ ಗಡಿಯನ್ನು ಸುಮ್ಮನೆ ಹಾಕಿಕೊಂಡವರಲ್ಲ. ಕೊಳೆರೋಗಕ್ಕೆ ಅಂಜಿ ಎರಡು ಮೂರು ಸಲ ಬೋರ್ಡೋ ದ್ರಾವಣ ಹೊಡೆಯಿಸಿ, ಕೊಯ್ಲಿನವರ ಕೂಲಿಯನ್ನೂ ಸುಲಿಯುವವರ ಲೆಕ್ಕವನ್ನೂ ತೀರಿಸಿ, ಸೊಸೈಟಿಯ ಸಾಲದ ಕಂತನ್ನು ಕಟ್ಟಿ, ಕಾಲೇಜಿನ ಶುಲ್ಕಕ್ಕೆಂದು ಬೇರೆ ತೆಗೆದಿಟ್ಟ ಮೇಲೆ ಒಂದೆಕರೆ ತೋಟದ ಗೃಹಸ್ಥನ ಕೈಯಲ್ಲಿ ಉಳಿಯುವುದು ಹೆಚ್ಚುಕಡಿಮೆ ಅಷ್ಟೇ. ಆದರೆ ಹತ್ತು ಸಾವಿರವೆಂಬ ಈ ಗಡಿಗೆ ನಮ್ಮ ಮನೆಗಳ ಲೆಕ್ಕದ ಹೊರಗೂ ಒಂದು ಇತಿಹಾಸವಿದೆ. ಕಾಲು ಶತಮಾನಕ್ಕೂ ಮಿಕ್ಕ ಅವಧಿಯಲ್ಲಿ ವಿದ್ವಾಂಸರೂ ಸರಕಾರಗಳೂ ವ್ಯಾಪಾರಿಗಳೂ ಒಬ್ಬರಾದ ಮೇಲೊಬ್ಬರು ಇದೇ ಅಂಕೆಯ ಸಮೀಪಕ್ಕೆ ಬಂದು, ಯಂತ್ರದಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬೇಕೆಂದು ತಕ್ಕಡಿ ಹಿಡಿದು ಕುಳಿತಿದ್ದಾರೆ. ಅವರಲ್ಲಿ ಮೊದಲಿಗರು ನಮ್ಮ ನಾಡಿನವರೇ ಎಂಬುದು ಕುಂಬ್ರದ ಬಸ್ಸುನಿಲ್ದಾಣದಲ್ಲಿ ಪ್ರಶ್ನೆ ಕೇಳುವವರಿಗೆ ತಿಳಿದಿರುವುದಿಲ್ಲ. ತಿಳಿದಿರಬೇಕಾಗಿತ್ತೆಂದು ನನ್ನ ಭಾವನೆ.

1998ರ ಅಕ್ಟೋಬರಿನಲ್ಲಿ, ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಮಾಹಿತಿ ತಂತ್ರಜ್ಞಾನವು ಯಾವ ರೀತಿಯಲ್ಲಿ ಒದಗಿಬರಬೇಕೆಂಬುದನ್ನು ಕುರಿತು ಬೆಂಗಳೂರಿನಲ್ಲಿ ಒಂದು ಅಂತರರಾಷ್ಟ್ರೀಯ ಗೋಷ್ಠಿ ಜರುಗಿತು. ಅಲ್ಲಿ ಮೊಳೆತ ವಿಚಾರವನ್ನು ಕೈಗೆತ್ತಿಕೊಂಡವರು ಭಾರತೀಯ ವಿಜ್ಞಾನ ಮಂದಿರದ ನಾಲ್ವರು ಅಧ್ಯಾಪಕರು—ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್—ಹಾಗೂ ಬೆಂಗಳೂರಿನ ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದ ಮೂವರು. ಈ ಏಳು ಮಂದಿ ಸೇರಿ 1999ರಲ್ಲಿ ಒಂದು ನ್ಯಾಸವನ್ನು ಸ್ಥಾಪಿಸಿ, ಸರಳವೂ ಸುಲಭ ಬೆಲೆಯದೂ ಬಹುಭಾಷಿಕವೂ ಆದ ಗಣಕವೆಂಬರ್ಥದಲ್ಲಿ ತಮ್ಮ ಯಂತ್ರಕ್ಕೆ ‘ಸಿಂಪ್ಯೂಟರ್’ ಎಂದು ಹೆಸರಿಟ್ಟು, 2001ರ ಏಪ್ರಿಲಿನಲ್ಲಿ ಅದರ ಮಾದರಿಯನ್ನು ಲೋಕದ ಮುಂದಿರಿಸಿದರು. ಅವರು ಇಟ್ಟುಕೊಂಡ ಗುರಿಬೆಲೆ 9,000 ರೂಪಾಯಿ.

ಆ ಒಂಬತ್ತು ಸಾವಿರದೊಳಗೆ ಯಂತ್ರವನ್ನು ಹಿಡಿಸುವುದಕ್ಕಾಗಿ ಅವರು ಏನನ್ನು ಬಿಟ್ಟರು, ಏಕೆ ಬಿಟ್ಟರು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಯೋಗ್ಯ. ಮೇಜಿನ ಗಣಕಗಳ ಸಂಸ್ಕಾರಕಗಳು ಆಗಲೇ 1 ಗಿಗಾಹರ್ಟ್ಸಿನ ಮೇರೆಯನ್ನು ಮೀರಿದ್ದ ಕಾಲದಲ್ಲಿ ಇವರು ಆರಿಸಿಕೊಂಡುದು 206 ಮೆಗಾಹರ್ಟ್ಸಿನ ಸ್ಟ್ರಾಂಗ್‌ಆರ್ಮ್ ಎಂಬ ಮಿತವ್ಯಯದ ಸಂಸ್ಕಾರಕವನ್ನು. ವೇಗದಲ್ಲಿ ಅದು ಹಿಂದೆ ಬಿದ್ದುದು ನಿಜ, ಆದರೆ ಅದಕ್ಕೆ ಬೇಕಾದ ವಿದ್ಯುಚ್ಛಕ್ತಿ ಎಷ್ಟು ಅಲ್ಪವಾಗಿದ್ದಿತೆಂದರೆ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಕ್ಕುವ ಮೂರು ಸಣ್ಣ ಬ್ಯಾಟರಿಗಳಿಂದಲೇ ಯಂತ್ರ ನಡೆಯುತ್ತಿದ್ದಿತು. ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದುಹಾಕಿ ಕೆಲವೇ ಮೆಗಾಬೈಟುಗಳ ಫ್ಲ್ಯಾಶ್ ಸ್ಮೃತಿಯನ್ನು ಇಟ್ಟರು. ಪರದೆ ಕಪ್ಪುಬಿಳುಪಿನದು, 320ಕ್ಕೆ 240 ಚುಕ್ಕೆಗಳದು. ಹಣ ಕೊಟ್ಟು ಕೊಳ್ಳಬೇಕಾದ ಕಾರ್ಯಾಚರಣ ವ್ಯವಸ್ಥೆಗೆ ಬದಲಾಗಿ ಮುಕ್ತವಾದ ಲಿನಕ್ಸನ್ನು ಅಳವಡಿಸಿದರು. ಕೀಲಿಮಣೆಯನ್ನಂತೂ ಪೂರ್ತಿಯಾಗಿ ಕೈಬಿಟ್ಟು, ಮುಟ್ಟಿದಲ್ಲಿ ಅರ್ಥಮಾಡಿಕೊಳ್ಳುವ ಪರದೆಯನ್ನೂ ಅದಕ್ಕೊಂದು ಕಡ್ಡಿಯನ್ನೂ ಕೊಟ್ಟರು. ಅಕ್ಷರ ಬಾರದವನಿಗಾಗಿ, ಬರಹವನ್ನು ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿದರು. ಅದು ಕನ್ನಡದಲ್ಲಿಯೂ ಮಾತನಾಡಿತು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದುದು ಬೇರೊಂದು. ಒಂಬತ್ತು ಸಾವಿರವೂ ಹಳ್ಳಿಯ ಬಡವನಿಗೆ ಎಟುಕದ ಬೆಲೆಯೆಂಬುದನ್ನು ಅವರು ಮರೆಯಲಿಲ್ಲ. ಆದುದರಿಂದಲೇ ಯಂತ್ರದಲ್ಲಿ ಸ್ಮಾರ್ಟ್ ಕಾರ್ಡಿಗೆ ಒಂದು ಸ್ಥಾನವಿಟ್ಟರು: ಯಂತ್ರ ಪಂಚಾಯಿತಿಯದೋ ಶಾಲೆಯದೋ ಅಂಗಡಿಯದೋ ಆಗಿರಲಿ, ಪ್ರತಿಯೊಬ್ಬನ ಕೈಯಲ್ಲೂ ತನ್ನದೇ ಆದ ಒಂದು ಕಾರ್ಡು ಇರಲಿ, ಅದನ್ನು ತೂರಿಸಿದೊಡನೆ ಆ ಹೊತ್ತಿನ ಮಟ್ಟಿಗೆ ಯಂತ್ರ ಅವನದಾಗಲಿ. ಬೆಲೆಯನ್ನು ತಗ್ಗಿಸಲಾಗದಲ್ಲಿ ಅದನ್ನು ಹಂಚಿಕೊಳ್ಳಬಹುದೆಂಬ ಈ ವಿವೇಕ, ಒಂದೇ ಪಂಪುಸೆಟ್ಟನ್ನು ಸರದಿಯ ಮೇಲೆ ಎರಡು ಮೂರು ತೋಟಗಳಿಗೆ ನಡೆಸಿಕೊಂಡ ನಮ್ಮ ಬೈಲಿನವರಿಗೆ ಹೊಸತೆಂದು ತೋರದು. ಸಿಂಪ್ಯೂಟರಿನ ನಿರ್ಮಾಪಕರು ಬಿಟ್ಟುಕೊಟ್ಟ ಒಂದೊಂದು ಅಂಶದ ಹಿಂದೆಯೂ ಅದನ್ನು ಬಳಸತಕ್ಕವನ ಮುಖ ಅವರ ಕಣ್ಣ ಮುಂದೆ ಇದ್ದಿತು. ಇಂತಹ ತ್ಯಾಗವನ್ನು ನಾನು ಲೋಪವೆಂದು ಎಣಿಸಲಾರೆ. ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ 2001ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಈ ಯಂತ್ರವನ್ನು ಗಣಕಲೋಕದ ಆ ವರ್ಷದ ಅತ್ಯಂತ ಮಹತ್ವದ ಆವಿಷ್ಕಾರವೆಂದು ಕೊಂಡಾಡಿದುದು ಈ ಗುಣವನ್ನು ಕಂಡೇ ಇದ್ದಿರಬೇಕು.

ಹೀಗಿದ್ದರೂ ಅದು ನಮ್ಮ ಊರುಗಳನ್ನು ಮುಟ್ಟಲಿಲ್ಲ. ವಿಜ್ಞಾನ ಮಂದಿರದ ಅಧ್ಯಾಪಕರು ಸ್ಥಾಪಿಸಿದ ಪಿಕೋಪೆಟಾ ಸಂಸ್ಥೆಯು ಭಾರತ್ ಎಲೆಕ್ಟ್ರಾನಿಕ್ಸಿನ ಕಾರ್ಖಾನೆಯಲ್ಲಿ ಮಾಡಿಸಿ, ‘ಅಮಿಡಾ’ ಎಂಬ ಹೆಸರಿನಿಂದ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದುದು 2004ರ ಮಾರ್ಚಿನಲ್ಲಿ, ಎಂದರೆ ಸಂಕಲ್ಪವಾದ ಐದೂವರೆ ವರ್ಷಗಳ ಮೇಲೆ. ಬೆಲೆ 9,950ರಿಂದ ಮೊದಲಾಗಿ, ಬಣ್ಣದ ಪರದೆಯ ಮಾದರಿಗೆ 19,950ರ ವರೆಗೆ ಏರಿತು. ಲಕ್ಷಗಟ್ಟಲೆ ತಯಾರಾದಾಗ ಮಾತ್ರ ಬಿಡಿಭಾಗಗಳ ಬೆಲೆ ಇಳಿಯುತ್ತದೆ, ಬೆಲೆ ಇಳಿದಾಗ ಮಾತ್ರ ಲಕ್ಷಗಟ್ಟಲೆ ಕೊಳ್ಳುವವರು ಬರುತ್ತಾರೆ. ಈ ವರ್ತುಲವನ್ನು ಮುರಿಯಲು ಸರಕಾರವೊಂದೇ ಸಮರ್ಥವಾಗಿದ್ದಿತು, ಅದು ದೊಡ್ಡ ಪ್ರಮಾಣದಲ್ಲಿ ಕೈಹಾಕಲಿಲ್ಲ. ಸುಮಾರು 67 ಲಕ್ಷ ರೈತರ ಪಹಣಿಗಳನ್ನು ಗಣಕಕ್ಕೆ ಏರಿಸಿ, ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿಯ ಪ್ರತಿ ಸಿಕ್ಕುವಂತೆ ಮಾಡಿದ ಕರ್ನಾಟಕದ ‘ಭೂಮಿ’ ಯೋಜನೆಯ ಮಾಹಿತಿ ಸಂಗ್ರಹಕ್ಕೆ ಸಿಂಪ್ಯೂಟರನ್ನು ಬಳಸಿದುದುಂಟು. ಆದರೆ 2005ರ ವೇಳೆಗೆ ಒಟ್ಟು ಮಾರಾಟವಾದುವು ಸುಮಾರು 4,000 ಯಂತ್ರಗಳು ಮಾತ್ರ. ಅಷ್ಟರಲ್ಲಿ, 2003ರ ಜುಲೈಯಲ್ಲಿ ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಫೋನನ್ನು ಕೊಡತೊಡಗಿ, ಹಳ್ಳಿಯವನು ಕೈಯಲ್ಲಿ ಹಿಡಿಯತಕ್ಕ ಯಂತ್ರ ಯಾವುದೆಂಬ ಪ್ರಶ್ನೆಗೆ ಬೇರೆಯೇ ಒಂದು ಉತ್ತರ ಸಿಕ್ಕಿಹೋಗಿದ್ದಿತು.

ಅನಂತರದ ಕೆಲವು ವರ್ಷಗಳನ್ನು ಬೇಗನೆ ದಾಟಬಹುದು. ಎನ್ಕೋರ್ ಸಂಸ್ಥೆಯೇ ಕೇಂದ್ರ ಸರಕಾರದ ವಿಜ್ಞಾನ ಸಂಶೋಧನ ಮಂಡಳಿಯ ನೆರವಿನಿಂದ 2005ರಲ್ಲಿ ‘ಮೊಬಿಲಿಸ್’ ಎಂಬ, ಮುಕ್ಕಾಲು ಕಿಲೋ ತೂಕದ ಪುಟ್ಟ ಗಣಕವನ್ನು ಹೊರತಂದಿತು. ಅದೇ ವರ್ಷ ಅಮೆರಿಕದ ನಿಕೊಲಾಸ್ ನೆಗ್ರೊಪೊಂಟೆ ಮಗುವಿಗೊಂದು ಲ್ಯಾಪ್‌ಟಾಪ್ ಎಂದು ಘೋಷಿಸಿ, ನೂರು ಡಾಲರಿನ ಯಂತ್ರದ ಮಾತೆತ್ತಿದರು; ಎರಡು ವರ್ಷಗಳ ಮೇಲೆ ಅದು ಕೈಗೆ ಬಂದಾಗ ಬೆಲೆ ಇನ್ನೂರು ಡಾಲರಿನ ಸಮೀಪದಲ್ಲಿದ್ದಿತು, ನಮ್ಮ ಮಾನವ ಸಂಪನ್ಮೂಲ ಸಚಿವಾಲಯವು 2006ರಲ್ಲಿಯೇ ಅದನ್ನು ಬೇಡವೆಂದಿತ್ತು. 2007ರಲ್ಲಿ ತೈವಾನಿನ ಏಸಸ್ ಸಂಸ್ಥೆ ತಂದ ಏಳಂಗುಲದ ಪರದೆಯ ‘ಈ ಪಿಸಿ’ಯು, 512 ಮೆಗಾಬೈಟ್ ಸ್ಮೃತಿಯೂ 4 ಗಿಗಾಬೈಟ್ ಸಂಗ್ರಹವೂ ಇದ್ದರೆ ಓದುಬರಹದ ಕೆಲಸ ಸಾಗುತ್ತದೆಂದು ತೋರಿಸಿಕೊಟ್ಟು, ಅಗ್ಗದ ಗಣಕವೆಂಬುದನ್ನು ಸೇವೆಯ ಕ್ಷೇತ್ರದಿಂದ ವ್ಯಾಪಾರದ ಕ್ಷೇತ್ರಕ್ಕೆ ದಾಟಿಸಿತು.

2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಬಿಡುಗಡೆಯಾದ ‘ಆಕಾಶ್’ ಟ್ಯಾಬ್ಲೆಟ್ಟನ್ನು ಮಾತ್ರ ಹೀಗೆ ದಾಟಿಹೋಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಸರಕಾರಕ್ಕೆ ಬಿದ್ದ ಬೆಲೆ ಸುಮಾರು 2,250 ರೂಪಾಯಿ. ಸಂಸ್ಕಾರಕ 366 ಮೆಗಾಹರ್ಟ್ಸಿನದು, ಸ್ಮೃತಿ 256 ಮೆಗಾಬೈಟ್. ಪರದೆಯು ಬೆರಳಿನ ಸ್ಪರ್ಶಕ್ಕಲ್ಲ, ಒತ್ತಿದರೆ ಮಾತ್ರ ಓಗೊಡುವ ಜಾತಿಯದು. ಇವನ್ನೆಲ್ಲ ಬೆಲೆಗಾಗಿ ಸಹಿಸಬಹುದಾಗಿತ್ತು. ಆದರೆ ಅದರಲ್ಲಿದ್ದ ಆಂಡ್ರಾಯ್ಡಿನ 2.2ನೇ ಆವೃತ್ತಿಯಲ್ಲಿ ಕನ್ನಡದ ಅಕ್ಷರಗಳಿಗೆ ಸಹಜವಾದ ನೆಲೆಯಿರಲಿಲ್ಲ. ಕನ್ನಡ ಆ ವ್ಯವಸ್ಥೆಯೊಳಗೆ ಸೇರಿದುದು 2012ರ 4.1ನೇ ಆವೃತ್ತಿಯಲ್ಲಿ. ಹತ್ತು ವರ್ಷಗಳ ಹಿಂದೆ ಬೆಂಗಳೂರಿನ ಅಗ್ಗದ ಯಂತ್ರವೊಂದು ಕನ್ನಡವನ್ನು ಬಾಯ್ದೆರೆದು ಓದಿದ್ದಾಗ, ದೇಶದ ವಿದ್ಯಾರ್ಥಿಗಳಿಗೆಂದೇ ಮಾಡಿದ ಯಂತ್ರದ ತಳಹದಿಯಲ್ಲಿ ಕನ್ನಡವೇ ಇಲ್ಲದೆ ಹೋದುದು ಎಂತಹ ಹಿನ್ನಡೆ! ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡಕ್ಕೊಂದು ತರ್ಕಬದ್ಧವಾದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿಕೊಟ್ಟು, ಶೇಷಾದ್ರಿವಾಸು ಅವರ ‘ಬರಹ’ವೂ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಮನೆಮನೆಯ ಗಣಕಗಳಲ್ಲಿ ನೆಲೆಗೊಂಡು, ತಮ್ಮ ಹೆಸರಿನ ಮೊದಲಲ್ಲೇ ಸುಳ್ಯದ ಉಬರಡ್ಕವನ್ನು ಹೊತ್ತ ಯು. ಬಿ. ಪವನಜರು 1996ರಷ್ಟು ಹಿಂದೆಯೇ ‘ವಿಶ್ವಕನ್ನಡ’ವೆಂಬ ಜಾಲತಾಣವನ್ನು ಆರಂಭಿಸಿದ ನಾಡಿನಲ್ಲಿ, ಕ್ಷಮತೆ ಎಂಬುದನ್ನು ಅಳೆಯುವಾಗ ತನ್ನ ನುಡಿಯನ್ನು ತೋರಿಸುವ ಸಾಮರ್ಥ್ಯವನ್ನು ಮೊದಲು ಎಣಿಸಬೇಕಾಗಿತ್ತು. ಸಂಸ್ಕಾರಕದ ವೇಗ ಅದರ ಅನಂತರದ ಮಾತು.

ಲ್ಯಾಪ್‌ಟಾಪೆಂದು ಕರೆಯಬಹುದಾದ, ಕೀಲಿಮಣೆಯೂ ಮಡಚುವ ಪರದೆಯೂ ವಿಂಡೋಸೂ ಇರುವ ಯಂತ್ರ ಹತ್ತು ಸಾವಿರದೊಳಕ್ಕೆ ನಿಜವಾಗಿ ಇಳಿದುದು 2016ರಲ್ಲಿ. ಆ ವರ್ಷ ಐಬಾಲ್ ಮತ್ತು ಆರ್‌ಡಿಪಿ ಎಂಬ ಭಾರತೀಯ ಸಂಸ್ಥೆಗಳೆರಡು 9,999 ರೂಪಾಯಿಯ ಲ್ಯಾಪ್‌ಟಾಪುಗಳನ್ನು ಮಾರಾಟಕ್ಕಿಟ್ಟುವು. ಎರಡರಲ್ಲೂ ಇಂಟೆಲಿನ ಆ್ಯಟಮ್ ಸಂಸ್ಕಾರಕ, 2 ಗಿಗಾಬೈಟ್ ಸ್ಮೃತಿ, 32 ಗಿಗಾಬೈಟ್ ಸಂಗ್ರಹ. ಬೆಲೆಯ ಮಟ್ಟಿಗೆ ಅದೊಂದು ಸಾಧನೆಯೆಂದು ಒಪ್ಪಬೇಕು. ಸಿಂಪ್ಯೂಟರಿನ ಗುರಿಬೆಲೆಗೆ ಆ ಬಳಿಕದ ವರ್ಷಗಳ ಹಣದುಬ್ಬರವನ್ನು ಸೇರಿಸಿ ನೋಡಿದರಂತೂ ಅದು ಇನ್ನೂ ಅಗ್ಗ. ಆದರೆ ಈ ವರ್ಗದ ಯಂತ್ರಗಳಲ್ಲಿ ತ್ಯಾಗದ ಸ್ವರೂಪವೇ ಬೇರೆಯಾಯಿತು. ಸಿಂಪ್ಯೂಟರಿನಲ್ಲಿ ಬಿಟ್ಟದ್ದೆಲ್ಲ ಕಣ್ಣಿಗೆ ಕಾಣುತ್ತಿದ್ದಿತು: ಕೀಲಿಮಣೆಯಿಲ್ಲ, ಬಣ್ಣವಿಲ್ಲ. ಇಲ್ಲಿ ಹೊರಗಿನಿಂದ ಎಲ್ಲವೂ ಇದೆ, ಬಿಟ್ಟದ್ದು ಒಳಗಿದೆ.

ಅದು ಹೇಗೆಂಬುದನ್ನು ಕೊಳ್ಳುವವರಿಗೆ ನಾನು ನಮ್ಮ ಅಡಿಕೆಯ ಭಾಷೆಯಲ್ಲಿಯೇ ಹೇಳುವುದುಂಟು. ಅಂಗಳದಲ್ಲಿ ನಲವತ್ತು ದಿನಗಳಿಗೂ ಮಿಕ್ಕು ಬಿಸಿಲು ಕಂಡ ಚಾಲಿಯನ್ನು ಸುಲಿದಾಗ ಒಳ್ಳೆಯದು ಒಂದು ಕಡೆ, ಪಟೋರ ಒಂದು ಕಡೆ, ಉಳ್ಳಿಗಡ್ಡೆ ಒಂದು ಕಡೆ, ಕರಿಗೋಟು ಮತ್ತೊಂದು ಕಡೆ. ಒಂದೊಂದಕ್ಕೂ ಬೇರೆ ಹೆಸರು, ಬೇರೆ ಧಾರಣೆ. ಕರಿಗೋಟನ್ನು ಒಳ್ಳೆಯ ಚಾಲಿಯ ಹೆಸರಿನಲ್ಲಿ ಕೊಡಲು ಹೋದವನನ್ನು ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋದ ತಕ್ಕಡಿಯ ಮುಂದೆ ಕುಳಿತವರು ಕಣ್ಣುಹಾಯಿಸಿದಷ್ಟರಲ್ಲೇ ಹಿಡಿಯುತ್ತಾರೆ. ಗಣಕದ ಅಂಗಡಿಯಲ್ಲಿ ಹಾಗಲ್ಲ. ಇಂಟೆಲ್ ಸಂಸ್ಥೆ 2013ರ ಸುಮಾರಿಗೆ, ಆ್ಯಟಮ್ ವಂಶದ ನಿಧಾನಗತಿಯ ಸಂಸ್ಕಾರಕಗಳಿಗೂ ಸೆಲೆರಾನ್, ಪೆಂಟಿಯಮ್ ಎಂಬ ಹಳೆಯ ಹೆಸರುಗಳನ್ನೇ ಇಡತೊಡಗಿತು. ಹಿಂದೆ ಪೆಂಟಿಯಮ್ ಎಂದರೆ ಮೇಲ್ದರ್ಜೆಯದೆಂದು ಕೇಳಿದ್ದ ತಂದೆ, ಅದೇ ಹೆಸರನ್ನು ಪೆಟ್ಟಿಗೆಯ ಮೇಲೆ ಓದಿ ನಂಬಿದರೆ ಅವನದೇನು ತಪ್ಪು? 2023ರಲ್ಲಿ ಆ ಎರಡು ಹೆಸರುಗಳನ್ನೂ ತೆಗೆದು ಎನ್100, ಎನ್200 ಎಂಬ ಅಂಕಿತಗಳನ್ನು ತಂದಮೇಲೆ ಗೊಂದಲ ಕೊಂಚ ಕಡಮೆಯಾಗಿದೆಯೆನ್ನಬಹುದು, ಯಂತ್ರಗಳೂ ಮೊದಲಿಗಿಂತ ಚುರುಕಾಗಿವೆ.

ಸಂಗ್ರಹದ ವಿಷಯವೂ ಹೀಗೆಯೇ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಇರುವ ಇಎಂಎಂಸಿ ಎಂಬುದು ಫೋನುಗಳಿಗಾಗಿ ಬೆಳೆದುಬಂದ ಫ್ಲ್ಯಾಶ್ ಸ್ಮೃತಿ. ಅದನ್ನು ಮುಖ್ಯ ಫಲಕಕ್ಕೇ ಬೆಸುಗೆ ಹಾಕಿ ಕೂರಿಸಿರುತ್ತಾರೆ. 32 ಗಿಗಾಬೈಟಿನಲ್ಲಿ ವಿಂಡೋಸೇ ಅರ್ಧದಷ್ಟನ್ನು ತಿಂದುಹಾಕಿದ ಮೇಲೆ ಉಳಿದ ಜಾಗದಲ್ಲಿ ಮಗುವಿನ ಪಾಠಗಳೂ ಚಿತ್ರಗಳೂ ತುಂಬಿ, ವಿಂಡೋಸಿನ ದೊಡ್ಡ ಪರಿಷ್ಕರಣೆ ಬಂದಾಗ ಅದಕ್ಕೆ ಬೇಕಾದಷ್ಟು ಖಾಲಿ ಜಾಗ ಇರುವುದಿಲ್ಲ. ಪರಿಷ್ಕರಣೆ ನಡೆಯದಿದ್ದರೆ ಯಂತ್ರಕ್ಕೆ ರಕ್ಷಣೆಯಿಲ್ಲ. ಡಿಸ್ಕನ್ನು ಬದಲಿಸೋಣವೆಂದರೆ ಬೆಸುಗೆ ಬಿಡುವುದಿಲ್ಲ, ಸ್ಮೃತಿಯನ್ನು ಹೆಚ್ಚಿಸೋಣವೆಂದರೆ ಅದಕ್ಕೊಂದು ಸ್ಲಾಟೇ ಇಲ್ಲ. ನಿಧಾನವಾದ ಯಂತ್ರದ ಜತೆ ತಾಳ್ಮೆಯಿಂದ ಬದುಕಬಹುದು. ಮುಂದೆ ಸರಿಮಾಡಿಕೊಳ್ಳುವ ದಾರಿಯನ್ನೇ ಮುಚ್ಚಿಬಿಟ್ಟ ಯಂತ್ರ ಬಡವನ ಹಣವನ್ನು ಮೂರೇ ವರ್ಷಗಳಲ್ಲಿ ನುಂಗಿಹಾಕುತ್ತದೆ. ವೇಗದ ಕೊರತೆಗಿಂತ ಈ ಕೊರತೆಯೇ ಹೆಚ್ಚು ಘೋರವೆಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ನಮ್ಮ ಊರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಆಟಿ ತಿಂಗಳಿನಲ್ಲಿ ಕಪಾಟಿನೊಳಗಿನ ಪುಸ್ತಕಕ್ಕೂ ಬೂಸಲು ಹಿಡಿಯುವ, ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಸಿಡಿಲು ತಂತಿಯ ಜಾಡು ಹಿಡಿದು ಮನೆಯೊಳಗೆ ಬರುವ ಸೀಮೆಯಿದು. ಕರೆಂಟು ಹೋದಾಗ ಎರಡು ಗಂಟೆಯಾದರೂ ನಡೆಯುವ ಬ್ಯಾಟರಿ, ಹುಡುಗಿಯರು ಜಗಲಿಯಲ್ಲಿ ಕುಳಿತು ಓದುವಾಗ ಅಂಗಳದ ಬಿಸಿಲಿಗೆ ಮಂಕಾಗದ ಪರದೆ—ಇವು ಇಲ್ಲಿ ಸಂಸ್ಕಾರಕದ ವೇಗಕ್ಕಿಂತ ಮಿಗಿಲಾದ ಗುಣಗಳು. ಅಗ್ಗದ ಯಂತ್ರಗಳಲ್ಲಿ ಪರದೆಯ ಬೆಳಕಿಗೇ ಮೊದಲು ಕತ್ತರಿ ಬೀಳುತ್ತದೆಂಬುದನ್ನು ಅಂಗಡಿಯ ತಂಪಾದ ಕೋಣೆಯಲ್ಲಿ ನಿಂತವನು ಕಾಣಲಾರ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಈ ಎಲ್ಲ ವಿಚಾರಗಳೂ ಒಮ್ಮೆಗೇ ಪ್ರತಿಯೊಂದು ಮನೆಯ ಹೊಸಲಿಗೆ ಬಂದು ನಿಂತುವು. 2021ರ ಜೂನಿನಲ್ಲಿ ಪತ್ರಿಕೆಗಳಲ್ಲೆಲ್ಲ ಬಂದ ಒಂದು ಚಿತ್ರವನ್ನು ಓದುಗರು ಮರೆತಿರಲಾರರು: ಸುಳ್ಯ ತಾಲೂಕಿನ ಗುತ್ತಿಗಾರಿನ ಕಡೆಯಲ್ಲಿ, ಸುರಿಯುವ ಮಳೆಯಲ್ಲಿ ರಸ್ತೆಯ ಬದಿಗೆ ಕುಳಿತು ಹುಡುಗಿಯೊಬ್ಬಳು ಫೋನಿನಲ್ಲಿ ಪಾಠ ಕೇಳುತ್ತಿದ್ದಾಳೆ, ತಂದೆ ಅವಳ ಮೇಲೆ ಕೊಡೆ ಹಿಡಿದು ನಿಂತಿದ್ದಾನೆ. ಮನೆಯಲ್ಲಿ ಸಿಗ್ನಲ್ ಇರಲಿಲ್ಲ. ಆ ತಂದೆ ಮಗಳ ಕೈಗೆ ಲಕ್ಷ ರೂಪಾಯಿಯ ಲ್ಯಾಪ್‌ಟಾಪನ್ನೇ ಕೊಟ್ಟಿದ್ದರೂ ಅವಳು ಕುಳಿತುಕೊಳ್ಳಬೇಕಾಗಿದ್ದುದು ಅದೇ ರಸ್ತೆಯ ಬದಿಯಲ್ಲಿ. ಚಿತ್ರವನ್ನು ಕಂಡು ನನಗೆ ಬಹಳ ದಿನ ಮನಸ್ಸು ನೆಲೆಗೊಳ್ಳಲಿಲ್ಲ. ಯಂತ್ರದ ಒಳಗಿನ ಕ್ಷಮತೆಯನ್ನು ಕುರಿತು ಅಷ್ಟು ವರ್ಷ ಉಪದೇಶ ಮಾಡಿದ್ದ ನಾನು, ಗುಡ್ಡದ ಮರೆಯ ಮನೆಗಳನ್ನು ಕುರಿತು ಒಂದು ಮಾತನ್ನೂ ಆಡಿರಲಿಲ್ಲ.

ಇಲ್ಲಿಂದ ಗಡಿ ದಾಟಿದರೆ ಕಾಸರಗೋಡು. ಅಲ್ಲಿನ ಕನ್ನಡ ಶಾಲೆಗಳ ನೆಂಟಸ್ತಿಕೆ ನಮ್ಮ ಅನೇಕ ಮನೆಗಳಿಗಿದೆ. ಕೇರಳ ಸರಕಾರವು ಬಹಳ ಹಿಂದೆಯೇ ತನ್ನ ಶಾಲೆಗಳ ಗಣಕಗಳಿಗೆಲ್ಲ ಮುಕ್ತವಾದ ಲಿನಕ್ಸನ್ನು ಒಪ್ಪಿಕೊಂಡು, ಅದರಲ್ಲಿ ಮಲಯಾಳದ ಜತೆಗೆ ಕನ್ನಡಕ್ಕೂ ಎಡೆಗೊಟ್ಟು, ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕದ ಪಾಠವನ್ನು ಕನ್ನಡದಲ್ಲಿಯೇ ಒದಗಿಸಿತು. ಪರವಾನಗಿಗೆ ತೆರಬೇಕಾದ ಹಣ ಉಳಿಯಿತು, ಹಳೆಯ ಯಂತ್ರಗಳ ಆಯುಸ್ಸೂ ಬೆಳೆಯಿತು. ಕೋವಿಡ್ ಕಾಲದಲ್ಲಿ ಅದೇ ರಾಜ್ಯ ‘ವಿದ್ಯಾಶ್ರೀ’ ಎಂಬ ಯೋಜನೆಯ ಮೂಲಕ, ಕುಟುಂಬಶ್ರೀ ಎಂಬ ಸ್ವಸಹಾಯ ಸಂಘಗಳ ಹೆಂಗಸರು ತಿಂಗಳಿಗೆ 500 ರೂಪಾಯಿಯಂತೆ 30 ತಿಂಗಳು ಕಟ್ಟಿ 15,000 ರೂಪಾಯಿಯ ಲ್ಯಾಪ್‌ಟಾಪನ್ನು ಪಡೆಯುವ ಏರ್ಪಾಡನ್ನು ಮಾಡಿತು. ಸಿಂಪ್ಯೂಟರಿನವರು ಬೆಲೆಯನ್ನು ಊರಿನ ಜನಕ್ಕೆ ಹಂಚಿದಂತೆ ಇವರು ಅದನ್ನು ತಿಂಗಳುಗಳಿಗೆ ಹಂಚಿದರು.

ಇಷ್ಟನ್ನೆಲ್ಲ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಹೇಳಲಾಗುವುದಿಲ್ಲ. ಹೊಸತನ್ನೇ ಬಯಸುವವರಿಗೆ, 2023ರ ಜುಲೈಯಲ್ಲಿ ರಿಲಯನ್ಸ್ ತಂದ 16,499 ರೂಪಾಯಿಯ ಜಿಯೋಬುಕ್ಕಿನಲ್ಲಿಯೂ ಸಂಗ್ರಹ 64 ಗಿಗಾಬೈಟೇ ಎಂದು ನೆನಪಿಸುತ್ತೇನೆ. ವಿಂಡೋಸ್ 11ಕ್ಕೆ 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಸಂಗ್ರಹ ಎಂಬುದು ಕನಿಷ್ಠ ಮಿತಿಯಷ್ಟೆ, ಸುಖವಾಗಿ ನಡೆಯುವ ಮಿತಿಯಲ್ಲವೆಂದು ತಿಳಿಸುತ್ತೇನೆ. ಹತ್ತು ಸಾವಿರಕ್ಕೆ ಮೀರಲಾರದವರನ್ನು, ದೊಡ್ಡ ಕಚೇರಿಗಳು ಬಳಸಿ ಬಿಟ್ಟ ಗಟ್ಟಿಮುಟ್ಟಾದ ಹಳೆಯ ಲ್ಯಾಪ್‌ಟಾಪುಗಳ ಕಡೆಗೆ ತಿರುಗಿಸುತ್ತೇನೆ. ಅವುಗಳ ಮೈ ಭಾರ, ಬ್ಯಾಟರಿ ಬಳಲಿರುತ್ತದೆ. ಆದರೆ ತಿರುಪು ಬಿಚ್ಚಿದರೆ ಒಳಗೆ ಎಲ್ಲವನ್ನೂ ಬದಲಿಸಬಹುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಪೋಷಣೆ ಮುಗಿದು, ಹೊಸ ವಿಂಡೋಸು ಬಹಳ ಹಳೆಯ ಸಂಸ್ಕಾರಕಗಳನ್ನು ಒಳಗೆ ಬಿಡದಿರುವುದರಿಂದ, ಅಂಥವುಗಳಿಗೆ ಕಾಸರಗೋಡಿನ ಶಾಲೆಗಳ ದಾರಿಯೇ ದಾರಿ.

ಕಳೆದ ಮಳೆಗಾಲದ ಮೊದಲಲ್ಲಿ ಹೀಗೆ ಕೇಳಿದ ಒಬ್ಬರ ಜತೆ, ಅವರ ಮಗಳನ್ನೂ ಕರೆದುಕೊಂಡು, ನಾನೇ ಪುತ್ತೂರಿಗೆ ಹೋದೆ. ಅಂಗಡಿಯ ಹುಡುಗ ಎರಡು ಯಂತ್ರಗಳನ್ನು ಮೇಜಿನ ಮೇಲಿಟ್ಟ: ಒಂದು ಹೊಸತು, ತೆಳ್ಳಗೆ ಹೊಳೆಯುವಂಥದು, ಇನ್ನೊಂದು ಆರೇಳು ವರ್ಷ ಬಳಸಿದುದು, ಕಪ್ಪು, ಮೂಲೆಗಳು ಸವೆದುದು. ಹುಡುಗಿಯ ಕಣ್ಣು ಹೊಸತರ ಮೇಲಿತ್ತು. ತಂದೆ ಎರಡನ್ನೂ ಕೈಯಲ್ಲೆತ್ತಿ ತೂಗಿ ನೋಡಿ, “ಇದರ ಹೊಟ್ಟೆ ಒಮ್ಮೆ ಬಿಚ್ಚಿ ತೋರಿಸ್ತೀರಾ?” ಎಂದರು. ಹುಡುಗ ಹಳೆಯದರ ತಿರುಪುಗಳನ್ನು ಒಂದೊಂದಾಗಿ ಕಳಚಿ, ಅಡಿಯ ಮುಚ್ಚಳ ತೆಗೆದು, ಸ್ಮೃತಿಯ ಪಟ್ಟಿಯೊಂದು ಕುಳಿತಿದ್ದ ಕಡೆಯನ್ನೂ ಅದರ ಪಕ್ಕದಲ್ಲಿ ಖಾಲಿಯಾಗಿದ್ದ ಇನ್ನೊಂದು ಸ್ಲಾಟನ್ನೂ ತೋರಿಸಿದ. ಚಾಲಿಯನ್ನು ಅಂಗೈಯಲ್ಲಿ ಹೊರಳಿಸುವ ರೀತಿಯಲ್ಲಿ ಯಂತ್ರವನ್ನು ಬೆಳಕಿಗೆ ತಿರುಗಿಸಿಕೊಂಡು ಅವರು ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು. ಅನಂತರ ಮಗಳನ್ನು ಹತ್ತಿರ ಕರೆದು ಅವಳಿಗೂ ಅದನ್ನು ತೋರಿಸಿದರು.